ಮೂತ್ರ ಪರೀಕ್ಷೆಯ ಚೀಟಿ: ಹೆದರಲೂ ಬೇಡಿ, ಮುಚ್ಚಿಡಲೂ ಬೇಡಿ

(ಶ್ರೀಮಠದ ಧರ್ಮಾರ್ಥ ಆಸ್ಪತ್ರೆಯ ಹೊರರೋಗಿಗಳ ವಿಭಾಗದಲ್ಲಿ ರೋಗಿಗಳಿಗೂ ಅವರ ಜೊತೆಗೆ ಬಂದವರಿಗೂ ನೀಡಿದ ಆರೋಗ್ಯ ಉಪನ್ಯಾಸದ ಬರಹ ರೂಪ)



ಇವತ್ತಿನ ವಿಷಯ ನಾಲ್ಕು ಜನರ ಮುಂದೆ ಮಾತನಾಡಲು ಎಲ್ಲರೂ ನಾಚುವಂಥದ್ದು. ಮೂತ್ರದ ವಿಷಯ. ಜ್ವರ ಬಂದರೆ ಎಲ್ಲರಿಗೂ ಹೇಳುತ್ತೇವೆ, ಮೊಣಕಾಲು ನೋವನ್ನು ಬಸ್ಸಿನಲ್ಲಿ ಪಕ್ಕ ಕುಳಿತವರಿಗೂ ಹೇಳುತ್ತೇವೆ. ಒಂದಕ್ಕೆ ಹೋದಾಗ ಉರಿಯುತ್ತದೆ ಎಂದು ಮಾತ್ರ ಗಂಡನಿಗೂ ಹೇಳದೆ, ಅತ್ತೆಗೂ ಹೇಳದೆ ವಾರಗಟ್ಟಲೆ ತಡೆದುಕೊಳ್ಳುತ್ತೇವೆ. ಆಮೇಲೆ ಪರೀಕ್ಷೆ ಮಾಡಿಸಿದಾಗ ಲ್ಯಾಬಿನಿಂದ ಒಂದು ಚೀಟಿ ಬರುತ್ತದೆ. ಅದರಲ್ಲಿ ಅರ್ಥವಾಗದ ಹತ್ತು ಹೆಸರು, ಹತ್ತು ಅಂಕಿ. ಕೆಲವರು ಅದನ್ನು ನೋಡಿ ಕಿಡ್ನಿಯೇ ಹೋಯಿತೆಂದು ಅಳುತ್ತಾರೆ. ಕೆಲವರು ಮಡಚಿ ಟ್ರಂಕಿನಲ್ಲಿಟ್ಟು ಮರೆತುಬಿಡುತ್ತಾರೆ. ಎರಡೂ ತಪ್ಪು. ಇವೆರಡಕ್ಕೂ ನಾನು ಕಂಡ ಒಂದೊಂದು ಪ್ರಸಂಗವನ್ನು ಮೊದಲು ಹೇಳುತ್ತೇನೆ.

ಎರಡು ಚೀಟಿಗಳ ಕಥೆ

ನಾನು ನರ್ಸಿಂಗ್ ಡಿಪ್ಲೊಮಾ ಮುಗಿಸಿ ಬೇರೊಂದು ಊರಿನ ಆಸ್ಪತ್ರೆಯಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ್ದೆ. ಮೊಣಕಾಲು ನೋವಿಗೆಂದು ಎಪ್ಪತ್ತು ದಾಟಿದ ಒಬ್ಬ ಅಜ್ಜಿ ಬಂದರು. ಡಾಕ್ಟರು ರಕ್ತ, ಮೂತ್ರ ಎರಡನ್ನೂ ಪರೀಕ್ಷೆ ಮಾಡಿಸಲು ಬರೆದರು. ನಾನು ಅಜ್ಜಿಯ ಕೈಗೆ ಡಬ್ಬಿ ಕೊಟ್ಟು, "ಇದರಾಗ ಹಿಡಕೊಂಡು ಬರ್ರಿ ಅಜ್ಜಿ" ಎಂದೆ. ಅಷ್ಟೇ ಹೇಳಿದ್ದು. ಚೀಟಿ ಬಂದಾಗ ಅದರಲ್ಲಿ ಪಸ್ ಸೆಲ್ಸ್ 20ರಿಂದ 25 ಎಂದಿತ್ತು. ಅಜ್ಜಿಯ ಮಗ ಡಾಕ್ಟರಿಗೆ ತೋರಿಸುವ ಮೊದಲೇ ಹೊರಗೆ ಚಹಾದಂಗಡಿಯಲ್ಲಿ ಯಾರಿಗೋ ತೋರಿಸಿದ. ಅವರು "ಮೂತ್ರದಾಗ ಕೀವು ಬಂದೈತಿ, ಕಿಡ್ನಿಗೆ ಹತ್ತೈತಿ" ಅಂದರು. ಆ ಮಗ ಸಂಜೆಯೊಳಗೆ ಬಡ್ಡಿಗೆ ದುಡ್ಡು ತಂದು, ತಾಯಿಯನ್ನು ದೊಡ್ಡ ಊರಿಗೆ ಕರೆದೊಯ್ಯಲು ಗಾಡಿ ಗೊತ್ತು ಮಾಡಿದ್ದ.

ನಮ್ಮ ಹಿರಿಯ ಸಿಸ್ಟರ್ ಒಬ್ಬರು ಆ ಚೀಟಿ ನೋಡಿದರು. ಅದರಲ್ಲಿ ಎಪಿಥೀಲಿಯಲ್ ಸೆಲ್ಸ್ ಕೂಡ ಬಹಳ ಇದ್ದವು. ಅವರು ನನ್ನನ್ನು ಕರೆದು, "ಡಬ್ಬಿ ಕೊಡುವಾಗ ಹೆಂಗ ಹಿಡೀಬೇಕು ಅಂತ ಹೇಳಿದೇನು?" ಎಂದು ಕೇಳಿದರು. ನನ್ನಲ್ಲಿ ಉತ್ತರ ಇರಲಿಲ್ಲ. ಮರುದಿನ ಬೆಳಿಗ್ಗೆ ನಾನೇ ಅಜ್ಜಿಯ ಜೊತೆಗೆ ಹೋಗಿ, ತೊಳೆಸಿ, ಸರಿಯಾಗಿ ಹಿಡಿಸಿ ಕೊಟ್ಟೆ. ಪಸ್ ಸೆಲ್ಸ್ 2ರಿಂದ 3 ಬಂತು. ಅಜ್ಜಿಗೆ ಯಾವ ರೋಗವೂ ಇರಲಿಲ್ಲ. ತಪ್ಪು ನನ್ನದಾಗಿತ್ತು. ಬಡ್ಡಿಯ ದುಡ್ಡು ಆ ಮಗನ ಮೇಲೆ ಬಿತ್ತು. ಅಂದಿನಿಂದ ಇಂದಿನವರೆಗೆ ಹಿಡಿಯುವ ರೀತಿ ಹೇಳದೆ ನಾನು ಯಾರ ಕೈಗೂ ಡಬ್ಬಿ ಕೊಟ್ಟಿಲ್ಲ. ನನ್ನ ವಿದ್ಯಾರ್ಥಿನಿಯರಿಗೂ ಮೊದಲ ದಿನವೇ ಇದನ್ನು ಹೇಳುತ್ತೇನೆ.

ಎರಡನೆಯ ಚೀಟಿ ಒಬ್ಬ ಗರ್ಭಿಣಿಯದು. ಚೊಚ್ಚಲ ಬಸಿರು, ಆರು ತಿಂಗಳು. ಉರಿ ಇಲ್ಲ, ಜ್ವರ ಇಲ್ಲ, ಹೊಲದ ಕೆಲಸವನ್ನೂ ಮಾಡುತ್ತಿದ್ದಳು. ಮೂತ್ರದ ಕಲ್ಚರ್ ಪರೀಕ್ಷೆಯಲ್ಲಿ ಒಂದು ಲಕ್ಷಕ್ಕಿಂತ ಹೆಚ್ಚು ಇ. ಕೋಲೈ ಬೆಳೆದಿದೆ ಎಂದು ಬಂತು. ಚೀಟಿ ಒಯ್ದ ಅತ್ತೆ, "ಆರಾಮ ಅದಾಳಲ್ಲ, ಬಸುರಿ ಹೆಂಗಸಿಗೆ ಸುಮ್ನ ಗುಳಿಗಿ ಯಾಕ?" ಎಂದು ಅದನ್ನು ಪೆಟ್ಟಿಗೆಯಲ್ಲಿಟ್ಟರು. ಅವರದು ಕೆಟ್ಟ ಮನಸ್ಸಲ್ಲ, ಕಾಳಜಿಯೇ. ಎರಡು ವಾರದ ನಂತರ ನಡುರಾತ್ರಿ ಗಡಗಡ ನಡುಗುವ ಚಳಿಜ್ವರ, ಪಕ್ಕೆ ನೋವು, ವಾಂತಿ. ಸೋಂಕು ಮೂತ್ರಪಿಂಡಕ್ಕೆ ಏರಿತ್ತು. ಏಳು ದಿನ ಒಳರೋಗಿಯಾಗಿದ್ದು, ನರದ ಮೂಲಕ ಔಷಧಿ ಪಡೆದು, ತಾಯಿ ಮಗು ಇಬ್ಬರೂ ಉಳಿದರು. ಆ ಏಳು ದಿನವೂ ಅತ್ತೆ ಸೊಸೆಯ ಹಾಸಿಗೆಯ ಬಳಿಯಿಂದ ಏಳಲಿಲ್ಲ. "ಚೀಟಿ ಓದಾಕ ಬರ್ತಿದ್ರ ಹಿಂಗ ಮಾಡ್ತಿದ್ದಿಲ್ಲರಿ ಸಿಸ್ಟರ್" ಎಂದರು.

ಆ ಮಾತಿಗಾಗಿಯೇ ಇವತ್ತಿನ ಈ ಉಪನ್ಯಾಸ. ಒಂದು ಚೀಟಿಯಲ್ಲಿ ಅಂಕಿ ಕೆಟ್ಟದಾಗಿತ್ತು, ರೋಗ ಇರಲಿಲ್ಲ. ಇನ್ನೊಂದರಲ್ಲಿ ದೇಹಕ್ಕೆ ಯಾವ ತೊಂದರೆಯೂ ಕಾಣಲಿಲ್ಲ, ಅಪಾಯ ಇತ್ತು. ಆದ್ದರಿಂದ ಚೀಟಿಯೊಂದೇ ಉತ್ತರ ಹೇಳುವುದಿಲ್ಲ. ಮೂತ್ರ ಹೇಗೆ ಹಿಡಿದಿರಿ, ನಿಮಗೆ ಏನು ತೊಂದರೆ ಇದೆ, ನೀವು ಯಾರು, ಈ ಮೂರನ್ನೂ ಚೀಟಿಯ ಜೊತೆಗಿಟ್ಟು ನೋಡಬೇಕು.

ಸೋಂಕು ಆಗುವುದು ಹೇಗೆ?

ನಮ್ಮ ಎರಡು ಮೂತ್ರಪಿಂಡಗಳು ದಿನಕ್ಕೆ ಸುಮಾರು 180 ಲೀಟರಿನಷ್ಟು ದ್ರವವನ್ನು ಸೋಸುತ್ತವೆ. ಅದರಲ್ಲಿ ಬಹುಪಾಲು ದೇಹಕ್ಕೆ ಮರಳಿ, ಒಂದರಿಂದ ಎರಡು ಲೀಟರ್ ಮಾತ್ರ ಮೂತ್ರವಾಗಿ ಹೊರಗೆ ಹೋಗುತ್ತದೆ. ಮೂತ್ರ ಮೇಲಿನಿಂದ ಕೆಳಗೆ ಹರಿಯುತ್ತದೆ. ಸೋಂಕು ಸಾಮಾನ್ಯವಾಗಿ ಕೆಳಗಿನಿಂದ ಮೇಲಕ್ಕೆ ಏರುತ್ತದೆ.

ಸೋಂಕು ತರುವ ರೋಗಾಣುಗಳಲ್ಲಿ ಮುಖ್ಯವಾದದ್ದು ಇ. ಕೋಲೈ. 1885ರಲ್ಲಿ ಥಿಯೊಡೋರ್ ಎಷೆರಿಷ್ ಎಂಬ ವೈದ್ಯರು ಇದನ್ನು ಮೊದಲು ಗುರುತಿಸಿದರು. ಇದು ನಮ್ಮೆಲ್ಲರ ಕರುಳಿನಲ್ಲೂ ಇರುತ್ತದೆ. ಅಲ್ಲಿದ್ದರೆ ತೊಂದರೆಯಿಲ್ಲ. ಮಲದ್ವಾರದ ಬಳಿಯಿಂದ ಮೂತ್ರದ್ವಾರಕ್ಕೆ ಬಂದು, ಒಳಗೆ ಸೇರಿ ಬೆಳೆದರೆ ಸೋಂಕಾಗುತ್ತದೆ. ಹೆಂಗಸರಲ್ಲಿ ಹೊರಗಿನ ಮೂತ್ರನಾಳದ ಉದ್ದ ಸುಮಾರು 4 ಸೆಂಟಿಮೀಟರ್ ಮಾತ್ರ. ಗಂಡಸರಲ್ಲಿ ಅದು ಸುಮಾರು 20 ಸೆಂಟಿಮೀಟರ್. ಹೆಂಗಸರಲ್ಲಿ ದಾರಿ ಚಿಕ್ಕದು, ಅದಕ್ಕೇ ಅವರಿಗೆ ಸೋಂಕು ಹೆಚ್ಚು. ಇದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ, ನಡತೆಯ ಮಾತು ತರುವಂಥದ್ದೂ ಅಲ್ಲ.

ನಮ್ಮ ಕಡೆ ಉರಿಮೂತ್ರ ಆದರೆ "ಉಷ್ಣ ಆಗೈತಿ" ಎನ್ನುತ್ತಾರೆ. ಜೀರಿಗೆ ನೀರು, ಮಜ್ಜಿಗೆ, ಎಳನೀರು, ಕಾಮಕಸ್ತೂರಿ ಬೀಜ ನೆನೆಸಿದ ನೀರು ಕುಡಿಯುತ್ತಾರೆ. ಬಿಸಿಲಿನಲ್ಲಿ ನೀರು ಕಡಿಮೆ ಕುಡಿದು ಮೂತ್ರ ಗಟ್ಟಿಯಾದಾಗ ಸ್ವಲ್ಪ ಉರಿಯಬಹುದು. ಆಗ ಇವು ಒಳ್ಳೆಯವೇ. ಆದರೆ ನೀರು ಚೆನ್ನಾಗಿ ಕುಡಿದ ಮೇಲೂ ಒಂದು ದಿನದಲ್ಲಿ ಉರಿ ಇಳಿಯದಿದ್ದರೆ, ಮೇಲಿಂದ ಮೇಲೆ ಹೋಗಬೇಕೆನಿಸಿ ನಾಲ್ಕೇ ಹನಿ ಬಂದರೆ, ಕಿಬ್ಬೊಟ್ಟೆ ನೋವಿದ್ದರೆ, ಮೂತ್ರ ಕದಡಿದಂತಿದ್ದರೆ, ಅದನ್ನು ಉಷ್ಣ ಎಂದು ಬಿಡಬೇಡಿ, ಪರೀಕ್ಷೆಗೆ ಬನ್ನಿ. ಜ್ವರ ಬಂದರಂತೂ ಒಂದು ದಿನವೂ ಕಾಯಬೇಡಿ.

ಮೂತ್ರ ಹಿಡಿಯುವ ಸರಿಯಾದ ರೀತಿ

ಇದನ್ನು ದಯವಿಟ್ಟು ಗಮನವಿಟ್ಟು ಕೇಳಿರಿ. ಅರ್ಧ ಗೊಂದಲ ಇಲ್ಲಿಯೇ ಪರಿಹಾರವಾಗುತ್ತದೆ.

1. ಆಸ್ಪತ್ರೆ ಅಥವಾ ಲ್ಯಾಬಿನವರು ಕೊಟ್ಟ ಡಬ್ಬಿಯಲ್ಲೇ ಹಿಡಿಯಿರಿ. ಮನೆಯ ಟಾನಿಕ್ ಬಾಟಲಿ, ಉಪ್ಪಿನಕಾಯಿ ಡಬ್ಬಿ ಎಷ್ಟು ತೊಳೆದರೂ ಬೇಡ. ಮುಚ್ಚಳದ ಒಳಭಾಗವನ್ನೂ ಡಬ್ಬಿಯ ಒಳಭಾಗವನ್ನೂ ಬೆರಳಿನಿಂದ ಮುಟ್ಟಬೇಡಿ.

2. ಮೊದಲು ಕೈಯನ್ನು ಸಾಬೂನಿನಿಂದ ತೊಳೆಯಿರಿ. ನಂತರ ಮೂತ್ರದ್ವಾರದ ಭಾಗವನ್ನು ಬರೀ ನೀರಿನಿಂದ ಮುಂದಿನಿಂದ ಹಿಂದಕ್ಕೆ ತೊಳೆಯಿರಿ. ಹೆಂಗಸರು ಎರಡು ಬೆರಳಿನಿಂದ ಅಂಚುಗಳನ್ನು ಅಗಲಿಸಿ ಹಿಡಿಯಬೇಕು. ಗಂಡಸರು ಮುಂದೊಗಲನ್ನು ಹಿಂದಕ್ಕೆ ಸರಿಸಿ ತೊಳೆಯಬೇಕು.

3. ಮೊದಲು ಬರುವ ಸ್ವಲ್ಪ ಮೂತ್ರವನ್ನು ಹೊರಗೆ ಬಿಡಿ. ನಡುವೆ ಬರುವುದನ್ನು ಡಬ್ಬಿಯಲ್ಲಿ ಹಿಡಿಯಿರಿ. ಕೊನೆಯದನ್ನೂ ಹೊರಗೆ ಬಿಡಿ. ಅರ್ಧ ಡಬ್ಬಿ ಸಾಕು.

4. ಹಿಡಿದ ಕೂಡಲೇ ಲ್ಯಾಬಿಗೆ ಕೊಡಿ. ಹೆಚ್ಚೆಂದರೆ ಒಂದು ಗಂಟೆ. ಅನುಕೂಲವಾದ ತಾಪದಲ್ಲಿ ಇ. ಕೋಲೈ ಸುಮಾರು 20 ನಿಮಿಷಕ್ಕೊಮ್ಮೆ ಇಮ್ಮಡಿಯಾಗಬಲ್ಲದು. ಆ ಲೆಕ್ಕದಲ್ಲಿ ಒಂದು ರೋಗಾಣು ಒಂದು ಗಂಟೆಗೆ ಎಂಟು, ಎರಡು ಗಂಟೆಗೆ ಅರವತ್ನಾಲ್ಕು, ಮೂರು ಗಂಟೆಗೆ ಐನೂರ ಹನ್ನೆರಡು. ಬೆಳಿಗ್ಗೆ ಊರಿನಲ್ಲಿ ಹಿಡಿದು, ಬಸ್ಸಿನಲ್ಲಿ ಬಿಸಿಲಿಗೆ ಮೂರು ಗಂಟೆ ಕಾಯಿಸಿ ತಂದ ಮೂತ್ರದಲ್ಲಿ ನಿಮ್ಮ ದೇಹದ ರೋಗಕ್ಕಿಂತ ಡಬ್ಬಿಯ ರೋಗವೇ ಹೆಚ್ಚಾಗಿ ಕಾಣುತ್ತದೆ. ದೂರದವರು ಇಲ್ಲಿಗೆ ಬಂದೇ ಹಿಡಿದು ಕೊಡಿ.

5. ಮುಟ್ಟಾಗಿದ್ದರೆ, ಬಿಳಿಸೆರಗು ಹೋಗುತ್ತಿದ್ದರೆ ಸಿಸ್ಟರಿಗೆ ಮೊದಲೇ ಹೇಳಿ. ಮುಟ್ಟಿನ ರಕ್ತ ಬೆರೆತರೆ ಮೂತ್ರದಲ್ಲಿ ರಕ್ತವಿದೆ ಎಂದೇ ಚೀಟಿ ಹೇಳುತ್ತದೆ.

6. ಕಲ್ಚರ್ ಪರೀಕ್ಷೆ ಬರೆದಿದ್ದರೆ ಆ್ಯಂಟಿಬಯೋಟಿಕ್ ಗುಳಿಗೆ ನುಂಗುವ ಮೊದಲೇ ಮೂತ್ರ ಕೊಡಿ. ಮನೆಯಲ್ಲಿದ್ದ ಹಳೆಯ ಗುಳಿಗೆ ಎರಡು ನುಂಗಿ ಬಂದಿದ್ದರೆ ಅದನ್ನು ಮುಚ್ಚಿಡದೆ ಹೇಳಿ. ನಾವು ಬೈಯುವುದಿಲ್ಲ. ಹೇಳದಿದ್ದರೆ ರೋಗಾಣು ಇದ್ದರೂ ಇಲ್ಲವೆಂದು ಬರಬಹುದು.

ಚೀಟಿಯಲ್ಲಿ ಏನೇನು ಇರುತ್ತದೆ?

ಬಣ್ಣ: ತಿಳಿ ಹಳದಿ ಸಾಮಾನ್ಯ. ನೀರು ಕಡಿಮೆ ಕುಡಿದರೆ ಗಾಢ ಹಳದಿ. ಬೀಟ್‌ರೂಟ್ ತಿಂದರೆ ಕೆಲವರಿಗೆ ಕೆಂಪು. ಬಿ-ಕಾಂಪ್ಲೆಕ್ಸ್ ಗುಳಿಗೆಯಿಂದ ಕಡು ಹಳದಿ. ಕ್ಷಯದ ಔಷಧಿ ರಿಫಾಂಪಿಸಿನ್ ನುಂಗುವವರಿಗೆ ಕಿತ್ತಳೆ ಬಣ್ಣ. ಇವಕ್ಕೆ ಗಾಬರಿ ಬೇಡ. ಆದರೆ ಇಂಥ ಯಾವ ಕಾರಣವೂ ಇಲ್ಲದೆ ಕೆಂಪಾದರೆ ತೋರಿಸಲೇಬೇಕು.

ಪಸ್ ಸೆಲ್ಸ್: ಕೀವು ಎಂಬ ಅರ್ಥ ಬರುವುದರಿಂದ ಜನ ಹೆದರುವುದು ಇದಕ್ಕೇ. ಇವು ರಕ್ತದಲ್ಲಿರುವ ಬಿಳಿ ಕಣಗಳು, ನಮ್ಮ ದೇಹದ ಕಾವಲುಗಾರರು. ಸೂಕ್ಷ್ಮದರ್ಶಕದಲ್ಲಿ ಒಂದು ನೋಟಕ್ಕೆ 5ರವರೆಗೆ ಇದ್ದರೆ ಸಾಮಾನ್ಯ. ಅದಕ್ಕಿಂತ ಹೆಚ್ಚಿದ್ದರೆ ಕಾವಲುಗಾರರು ಯಾವುದೋ ಕಾರಣಕ್ಕೆ ಸೇರಿದ್ದಾರೆ ಎಂದರ್ಥ. ಕಾರಣ ಸೋಂಕಿರಬಹುದು, ಕಲ್ಲಿರಬಹುದು, ಬಿಳಿಸೆರಗು ಬೆರೆತಿರಬಹುದು.

ಎಪಿಥೀಲಿಯಲ್ ಸೆಲ್ಸ್: ಇವು ಚರ್ಮದ ಮೇಲ್ಪದರದಂಥ ಕಣಗಳು. ಬಹಳ ಇದ್ದರೆ ಮೂತ್ರ ಹಿಡಿಯುವಾಗ ಹೊರಭಾಗದ್ದು ಬೆರೆತಿದೆ ಎಂಬ ಸೂಚನೆ. ಪಸ್ ಸೆಲ್ಸ್ ಜೊತೆಗೆ ಇವೂ ಹೆಚ್ಚಿದ್ದರೆ ಮತ್ತೊಮ್ಮೆ ಸರಿಯಾಗಿ ಹಿಡಿದು ಕೊಡುವುದು ಒಳ್ಳೆಯದು. ಆ ಅಜ್ಜಿಯ ಚೀಟಿಯಲ್ಲಿ ಆದದ್ದು ಇದೇ.

ನೈಟ್ರೈಟ್: ಕೆಲವು ರೋಗಾಣುಗಳು ಮೂತ್ರದಲ್ಲಿರುವ ನೈಟ್ರೇಟನ್ನು ನೈಟ್ರೈಟ್ ಆಗಿ ಮಾರ್ಪಡಿಸುತ್ತವೆ. ಪಾಸಿಟಿವ್ ಬಂದು, ಉರಿಯೂ ಇದ್ದರೆ ಸೋಂಕಿನ ಸಾಧ್ಯತೆ ಬಹಳ. ನೆಗೆಟಿವ್ ಬಂದರೆ ಸೋಂಕಿಲ್ಲ ಎಂದು ಹೇಳಲಾಗದು. ಮೂತ್ರ ಕೆಲವು ಗಂಟೆ ಒಳಗೆ ನಿಂತಿದ್ದರೆ ಮಾತ್ರ ನೈಟ್ರೈಟ್ ತಯಾರಾಗುತ್ತದೆ, ಎಲ್ಲ ರೋಗಾಣುಗಳೂ ಅದನ್ನು ತಯಾರಿಸುವುದೂ ಇಲ್ಲ.

ರಕ್ತಕಣಗಳು: ಸೋಂಕು, ಕಲ್ಲು ಎರಡರಲ್ಲೂ ಬರಬಹುದು. ನೋವಿಲ್ಲ, ಉರಿಯಿಲ್ಲ, ಆದರೂ ಮೂತ್ರ ಕೆಂಪಾಗಿ ಹೋಯಿತು, ಮರುದಿನ ತಾನೇ ನಿಂತಿತು, ಅದಕ್ಕೇ ಬರಲಿಲ್ಲ ಎನ್ನುವ ಹಿರಿಯರು ಬಹಳ. ನಲವತ್ತು ದಾಟಿದವರು, ಅದರಲ್ಲೂ ಬೀಡಿ ಸಿಗರೇಟು ಸೇದುವವರು, ಒಮ್ಮೆ ಹೀಗಾದರೂ ಪೂರ್ತಿ ತಪಾಸಣೆ ಮಾಡಿಸಲೇಬೇಕು. ಮೂತ್ರಕೋಶದ ಕ್ಯಾನ್ಸರಿನ ಮೊದಲ ಲಕ್ಷಣ ಹೀಗೇ ನೋವಿಲ್ಲದೆ ಬರಬಹುದು. ಬೇಗ ಸಿಕ್ಕರೆ ಚಿಕಿತ್ಸೆ ಸುಲಭ.

ಆಲ್ಬುಮಿನ್ ಅಥವಾ ಪ್ರೊಟೀನ್: ಇರಬಾರದು. ಜ್ವರವಿದ್ದಾಗ, ಬಹಳ ದುಡಿದಾಗ ಸ್ವಲ್ಪ ಕಾಣಿಸಿ ಹೋಗಬಹುದು. ಮತ್ತೆ ಮತ್ತೆ ಬಂದರೆ ಮೂತ್ರಪಿಂಡದ ತಪಾಸಣೆ ಬೇಕು. ಐದು ತಿಂಗಳು ದಾಟಿದ ಗರ್ಭಿಣಿಯರಲ್ಲಿ ಪ್ರೊಟೀನ್ ಕಂಡರೆ ಅದೇ ದಿನ ಬಿ.ಪಿ. ನೋಡಿಸಬೇಕು.

ಸಕ್ಕರೆ: ಇದ್ದರೆ ರಕ್ತ ಪರೀಕ್ಷೆ ಮಾಡಿಸಿ. ಆದರೆ ಸಕ್ಕರೆ ಕಾಯಿಲೆಗೆ ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಎಂಬ ಗುಳಿಗೆ ನುಂಗುವವರಿಗೆ ಮೂತ್ರದಲ್ಲಿ ಸಕ್ಕರೆ ಬರುವುದೇ ಸರಿ. ಆ ಗುಳಿಗೆಯ ಕೆಲಸವೇ ಸಕ್ಕರೆಯನ್ನು ಮೂತ್ರದಲ್ಲಿ ಹೊರಗೆ ಹಾಕುವುದು. ಚೀಟಿ ನೋಡಿ ಗುಳಿಗೆ ಬಿಡಬೇಡಿ. ಆ ಗುಳಿಗೆ ನುಂಗುವವರಿಗೆ ಮರ್ಮಾಂಗದಲ್ಲಿ ತುರಿಕೆ, ಬಿಳಿ ಪದರ ಕಂಡರೆ ಡಾಕ್ಟರಿಗೆ ಹೇಳಿ.

ಕಲ್ಚರ್ ಪರೀಕ್ಷೆಗೆ ಎರಡು ದಿನ ಯಾಕೆ?

ಸಾಮಾನ್ಯ ಪರೀಕ್ಷೆಯ ಚೀಟಿ ಒಂದೆರಡು ಗಂಟೆಯಲ್ಲಿ ಬರುತ್ತದೆ. ಕಲ್ಚರ್ ಚೀಟಿಗೆ 24ರಿಂದ 48 ಗಂಟೆ, ಕೆಲವೊಮ್ಮೆ ಇನ್ನೂ ಒಂದು ದಿನ ಬೇಕು. ಅದು ಲ್ಯಾಬಿನವರ ಸೋಮಾರಿತನವಲ್ಲ. ಬೀಜ ಬಿತ್ತಿ ಮೊಳಕೆ ಬರುವವರೆಗೆ ಕಾಯುವಂತೆ, ನಿಮ್ಮ ಮೂತ್ರದ ಒಂದು ಹನಿಯನ್ನು ತಟ್ಟೆಯಲ್ಲಿ ಹರಡಿ, ರೋಗಾಣು ಬೆಳೆಯುತ್ತದೆಯೇ ಎಂದು ನೋಡುತ್ತಾರೆ. ಬೆಳೆದರೆ ಅದು ಯಾವುದು, ಯಾವ ಔಷಧಿಗೆ ಸಾಯುತ್ತದೆ ಎಂದು ಪರೀಕ್ಷಿಸುತ್ತಾರೆ.

ಒಂದು ಮಿಲಿಲೀಟರಿನಲ್ಲಿ ಒಂದು ಲಕ್ಷ ಎಂಬ ಅಂಕಿಯನ್ನು ಚೀಟಿಯಲ್ಲಿ ನೋಡಿರುತ್ತೀರಿ. 1950ರ ದಶಕದಲ್ಲಿ ಅಮೆರಿಕದ ಎಡ್ವರ್ಡ್ ಕ್ಯಾಸ್ ಎಂಬ ವೈದ್ಯರು ನಡೆಸಿದ ಕೆಲಸದಿಂದ ಈ ಗಡಿ ಬಳಕೆಗೆ ಬಂತು. ಹೊರಗಿನಿಂದ ಬೆರೆತ ರೋಗಾಣು ಯಾವುದು, ಒಳಗೆ ಬೆಳೆದದ್ದು ಯಾವುದು ಎಂದು ಬೇರ್ಪಡಿಸಲು ಇದು ನೆರವಾಗುತ್ತದೆ. ಆದರೆ ಇದು ಕಲ್ಲಿನ ಮೇಲಿನ ಗೆರೆಯಲ್ಲ. ಉರಿ, ಜ್ವರ ಇರುವವರಲ್ಲಿ ಇದಕ್ಕಿಂತ ಕಡಿಮೆ ಅಂಕಿಯೂ ರೋಗವಾಗಿರಬಹುದು. ಮೂರು ನಾಲ್ಕು ಬಗೆಯ ರೋಗಾಣು ಒಟ್ಟಿಗೆ ಬೆಳೆದಿವೆ ಎಂದು ಬಂದರೆ ಹೆಚ್ಚಾಗಿ ಹೊರಗಿನದು ಬೆರೆತಿದೆ ಎಂದರ್ಥ, ಮತ್ತೊಮ್ಮೆ ಕೊಡಬೇಕಾಗುತ್ತದೆ.

ಔಷಧಿಗಳ ಪಟ್ಟಿಯ ಮುಂದೆ ಎಸ್ ಎಂದಿದ್ದರೆ ಆ ಔಷಧಿಗೆ ರೋಗಾಣು ಬಗ್ಗುತ್ತದೆ, ಆರ್ ಎಂದಿದ್ದರೆ ಬಗ್ಗುವುದಿಲ್ಲ. ಎಸ್ ಇರುವುದನ್ನೆಲ್ಲ ಅಂಗಡಿಯಲ್ಲಿ ಕೊಳ್ಳಬಹುದೆಂದು ತಿಳಿಯಬೇಡಿ. ನಿಮ್ಮ ವಯಸ್ಸು, ಬಸಿರು, ಕಿಡ್ನಿಯ ಶಕ್ತಿ ನೋಡಿ ಅದರಲ್ಲಿ ಒಂದನ್ನು ಡಾಕ್ಟರು ಆರಿಸುತ್ತಾರೆ.

ಇನ್ನೊಂದು ಮಾತು. ಪಸ್ ಸೆಲ್ಸ್ ಹೆಚ್ಚಿವೆ, ಆದರೆ ಕಲ್ಚರಿನಲ್ಲಿ ಏನೂ ಬೆಳೆಯಲಿಲ್ಲ, ಹೀಗೆ ಎರಡು ಮೂರು ಸಲ ಬಂದರೆ ಸುಮ್ಮನಿರಬೇಡಿ. ಕಲ್ಲಿರಬಹುದು, ಮೂತ್ರಪಿಂಡದ ಕ್ಷಯವೂ ಇರಬಹುದು. ಕ್ಷಯದ ರೋಗಾಣು ಸಾಮಾನ್ಯ ಕಲ್ಚರಿನಲ್ಲಿ ಬೆಳೆಯುವುದಿಲ್ಲ. ಅದಕ್ಕೆ ಮೂರು ದಿನ ಬೆಳಗಿನ ಮೊದಲ ಮೂತ್ರವನ್ನು ಬೇರೆಯಾಗಿ ಪರೀಕ್ಷೆಗೆ ಕೊಡಬೇಕಾಗುತ್ತದೆ. ಕ್ಷಯಕ್ಕೆ ಸರಕಾರಿ ಆಸ್ಪತ್ರೆಗಳಲ್ಲಿ ಉಚಿತ ಔಷಧಿ ಇದೆ.

ಯಾರಿಗೆ ಔಷಧಿ ಬೇಕು, ಯಾರಿಗೆ ಬೇಡ?

ಉರಿ, ಜ್ವರ, ನೋವು ಇದ್ದು ಸೋಂಕು ಕಂಡರೆ ಔಷಧಿ ಬೇಕು. ಇದು ಎಲ್ಲರಿಗೂ ಗೊತ್ತಿರುವುದೇ.

ಯಾವ ತೊಂದರೆಯೂ ಇಲ್ಲ, ಚೀಟಿಯಲ್ಲಿ ಮಾತ್ರ ರೋಗಾಣು ಬಂದಿದೆ ಎಂದರೆ ಏನು ಮಾಡಬೇಕು? ವಯಸ್ಸಾದವರಲ್ಲಿ, ಸಕ್ಕರೆ ಕಾಯಿಲೆಯವರಲ್ಲಿ, ಮೂತ್ರದ ನಳಿಗೆ ಹಾಕಿದವರಲ್ಲಿ ಇದು ಸಾಮಾನ್ಯ. ಇಂಥವರಿಗೆ ಔಷಧಿ ಕೊಟ್ಟರೆ ಲಾಭಕ್ಕಿಂತ ಹಾನಿ ಹೆಚ್ಚು. ರೋಗಾಣು ಗಟ್ಟಿಯಾಗುತ್ತದೆ, ಭೇದಿ ಬರುತ್ತದೆ, ಮುಂದೆ ನಿಜವಾಗಿ ಸೋಂಕಾದಾಗ ಆ ಔಷಧಿ ಕೆಲಸ ಮಾಡುವುದಿಲ್ಲ. ಡಾಕ್ಟರು "ಏನೂ ಬೇಡ, ನೀರು ಕುಡೀರಿ" ಎಂದು ಕಳಿಸಿದರೆ, "ಧರ್ಮದ ಆಸ್ಪತ್ರಿ, ಅದಕ್ಕ ಔಷಧ ಕೊಡಲಿಲ್ಲ" ಎಂದು ದಯವಿಟ್ಟು ಬೇಸರ ಮಾಡಿಕೊಳ್ಳಬೇಡಿ. ಔಷಧಿ ಕೊಡದಿರುವುದೂ ಚಿಕಿತ್ಸೆಯೇ.

ಇದಕ್ಕೆ ದೊಡ್ಡ ಹೊರತು ಗರ್ಭಿಣಿಯರು. ಬಸುರಿನಲ್ಲಿ ಮೂತ್ರದ ನಾಳಗಳು ಸಡಿಲವಾಗುತ್ತವೆ, ಗರ್ಭಕೋಶ ಅವುಗಳ ಮೇಲೆ ಒತ್ತುತ್ತದೆ, ಮೂತ್ರ ನಿಂತು ಸಾಗುತ್ತದೆ. ಆದ್ದರಿಂದ ಕೆಳಗಿನ ರೋಗಾಣು ಮೂತ್ರಪಿಂಡಕ್ಕೆ ಸುಲಭವಾಗಿ ಏರುತ್ತದೆ. ಹಾಗಾದರೆ ತಾಯಿಗೂ ಅಪಾಯ, ದಿನ ತುಂಬುವ ಮೊದಲೇ ಹೆರಿಗೆಯಾಗುವ ಭಯವೂ ಇದೆ. ಯಾವ ತೊಂದರೆ ಇಲ್ಲದಿದ್ದರೂ ಕಲ್ಚರಿನಲ್ಲಿ ರೋಗಾಣು ಬಂದರೆ ಗರ್ಭಿಣಿ ಔಷಧಿ ತೆಗೆದುಕೊಳ್ಳಲೇಬೇಕು. ಬಸುರಿನಲ್ಲಿ ಕೊಡಬಹುದಾದ ಔಷಧಿಗಳಿವೆ. ಎಷ್ಟು ತಿಂಗಳು ಎಂದು ಡಾಕ್ಟರಿಗೆ ಹೇಳಿ. ಅತ್ತೆಯಂದಿರೇ, ತಾಯಂದಿರೇ, ಆ ಚೀಟಿಯನ್ನು ತಾಯಿ ಕಾರ್ಡಿನ ಜೊತೆಗೆ ಇಡಿ, ಪೆಟ್ಟಿಗೆಯಲ್ಲಿ ಇಡಬೇಡಿ. ಮೂತ್ರದ ಮಾರ್ಗದ ಕೆಲವು ಶಸ್ತ್ರಚಿಕಿತ್ಸೆಗಳಿಗೆ ಮುಂಚೆಯೂ ಹೀಗೆಯೇ ಔಷಧಿ ಕೊಡುತ್ತಾರೆ.

ಆ್ಯಂಟಿಬಯೋಟಿಕ್ ಬಗ್ಗೆ ನಾಲ್ಕು ಮಾತು

"ಹೋದ ವರ್ಷ ಇದೇ ಗುಳಿಗಿ ಕೊಟ್ಟಿದ್ರು, ಆರಾಮ ಆಗಿತ್ತು" ಎಂದು ಹಳೆಯ ಹಾಳೆ ತೋರಿಸಿ ಅಂಗಡಿಯಲ್ಲಿ ಕೊಳ್ಳುವುದು ಬೇಡ. ಒಂದು ಕಾಲಕ್ಕೆ ಉರಿಮೂತ್ರಕ್ಕೆ ನಾರ್‌ಫ್ಲಾಕ್ಸಾಸಿನ್, ಸಿಪ್ರೊಫ್ಲಾಕ್ಸಾಸಿನ್ ನುಂಗಿದರೆ ಸಾಕಿತ್ತು. ಬೇಕಾಬಿಟ್ಟಿ ಬಳಸಿ ಬಳಸಿ ಇಂದು ನಮ್ಮ ದೇಶದಲ್ಲಿ ಬಹಳಷ್ಟು ಇ. ಕೋಲೈ ಅವಕ್ಕೆ ಬಗ್ಗುತ್ತಿಲ್ಲ.

ಎಷ್ಟು ದಿನ ಬರೆದಿದ್ದಾರೋ ಅಷ್ಟು ದಿನ ನುಂಗಿ. ಕೆಲವು ಔಷಧಿ ಒಂದೇ ಸಲ, ಕೆಲವು ಐದು ದಿನ, ಕಿಡ್ನಿಗೆ ಏರಿದ್ದರೆ ಇನ್ನೂ ಹೆಚ್ಚು. ಎರಡನೇ ದಿನ ಉರಿ ನಿಂತಿತೆಂದು ಉಳಿದದ್ದನ್ನು ಅಕ್ಕಪಕ್ಕದವರಿಗೆ ಕೊಡಬೇಡಿ. ದಾನಕ್ಕೆ ಜೋಳವಿದೆ, ಬಟ್ಟೆಯಿದೆ. ಗುಳಿಗೆ ದಾನದ ವಸ್ತುವಲ್ಲ.

ಎರಡು ದಿನ ನುಂಗಿದರೂ ಕಡಿಮೆಯಾಗದಿದ್ದರೆ ಮರಳಿ ಬನ್ನಿ. ಅಷ್ಟರಲ್ಲಿ ಕಲ್ಚರ್ ಚೀಟಿ ಬಂದಿರುತ್ತದೆ, ಔಷಧಿ ಬದಲಿಸಬಹುದು. ನೈಟ್ರೊಫ್ಯುರಾಂಟೊಯಿನ್ ಎಂಬ ಗುಳಿಗೆ ಕೊಟ್ಟಿದ್ದರೆ ಊಟದ ಜೊತೆ ನುಂಗಿ. ಮೂತ್ರ ಕಂದು ಬಣ್ಣಕ್ಕೆ ತಿರುಗಿದರೆ ಅದು ಗುಳಿಗೆಯ ಬಣ್ಣ.

ಪೂರ್ತಿ ಗುಣವಾದ ಮೇಲೆ ಸುಮ್ಮನೆ ಮತ್ತೆ ಮತ್ತೆ ಪರೀಕ್ಷೆ ಬೇಡ. ಗರ್ಭಿಣಿಯರಿಗೆ ಮಾತ್ರ ಡಾಕ್ಟರು ಹೇಳಿದಾಗ ಮತ್ತೊಮ್ಮೆ ಕಲ್ಚರ್ ಮಾಡಿಸಬೇಕು.

ಜೊತೆಗಿರುವವರು ಗಮನಿಸಬೇಕಾದ್ದು

ಒಳರೋಗಿಗಳ ಸಂಬಂಧಿಕರೇ, ಈ ಮಾತು ನಿಮಗೆ. ರೋಗಿಗೆ ಮೂತ್ರದ ನಳಿಗೆ ಹಾಕಿದ್ದರೆ ಅದರ ಚೀಲ ಯಾವಾಗಲೂ ಸೊಂಟಕ್ಕಿಂತ ಕೆಳಗೆ ಇರಬೇಕು, ಆದರೆ ನೆಲಕ್ಕೆ ತಾಗಬಾರದು. ರೋಗಿಯನ್ನು ಸ್ಟ್ರೆಚರಿಗೆ ಹಾಕುವಾಗ ಚೀಲವನ್ನು ಹೊಟ್ಟೆಯ ಮೇಲೆ ಇಡಬೇಡಿ, ಚೀಲದ ಮೂತ್ರ ಒಳಗೆ ಮರಳುತ್ತದೆ. ನಳಿಗೆ ಮಡಚದಂತೆ ನೋಡಿ. ಚೀಲ ಖಾಲಿ ಮಾಡುವ ಮೊದಲೂ ನಂತರವೂ ಕೈ ತೊಳೆಯಿರಿ. "ನಳಿಗಿ ಇನ್ನೂ ಬೇಕೇನ್ರಿ?" ಎಂದು ದಿನಾಲು ಡಾಕ್ಟರನ್ನು ಕೇಳಿ. ನಳಿಗೆ ಎಷ್ಟು ಬೇಗ ತೆಗೆಯುತ್ತೇವೋ ಅಷ್ಟು ಒಳ್ಳೆಯದು.

ಚಿಕ್ಕ ಮಗುವಿಗೆ ನೆಗಡಿ ಕೆಮ್ಮು ಏನೂ ಇಲ್ಲದೆ ಜ್ವರ ಬಂದರೆ, ಮೂತ್ರ ಮಾಡುವಾಗ ಅತ್ತರೆ, ಹಾಲು ಬಿಟ್ಟರೆ ಮೂತ್ರ ಪರೀಕ್ಷೆ ಬೇಕಾಗುತ್ತದೆ. ಹಿರಿಯ ಗಂಡಸರಿಗೆ ಧಾರೆ ಸಣ್ಣದಾಗಿ, ಮೂತ್ರ ಪೂರ್ತಿ ಹೋಗದೆ ಸೋಂಕಾಗುತ್ತಿದ್ದರೆ ಪ್ರಾಸ್ಟೇಟ್ ಗ್ರಂಥಿ ತೋರಿಸಬೇಕು. ವಯಸ್ಸಾದವರು ಇದ್ದಕ್ಕಿದ್ದಂತೆ ಏನೇನೋ ಮಾತನಾಡತೊಡಗಿದರೆ ಮೂತ್ರದ ಸೋಂಕೆಂದು ನೀವೇ ತೀರ್ಮಾನಿಸಬೇಡಿ. ಕಾರಣ ಬೇರೆಯೂ ಇರಬಹುದು, ತಕ್ಷಣ ಕರೆತನ್ನಿ.

ರಾತ್ರಿಯಾದರೂ ತಡಮಾಡದೆ ಬರಬೇಕಾದವರು:

ನಡುಕದ ಚಳಿಜ್ವರ ಬಂದವರು. ಪಕ್ಕೆ ಅಥವಾ ಬೆನ್ನಿನ ಒಂದು ಬದಿ ನೋವಿದ್ದು ವಾಂತಿಯಾಗುವವರು. ಮೂತ್ರ ಪೂರ್ತಿ ಕಟ್ಟಿಹೋದವರು. ಮೂತ್ರದಲ್ಲಿ ರಕ್ತದ ಗಡ್ಡೆ ಹೋಗುವವರು. ಜ್ವರ ಬಂದ ಗರ್ಭಿಣಿಯರು, ಹಸುಗೂಸುಗಳು, ನಳಿಗೆ ಹಾಕಿದವರು. ಜ್ವರದ ಜೊತೆ ಮಂಪರು ಬಂದ ಸಕ್ಕರೆ ಕಾಯಿಲೆಯವರು ಮತ್ತು ವೃದ್ಧರು.

ಮತ್ತೆ ಬಾರದಂತೆ

ನೀರು ಕುಡಿಯಿರಿ. ಪದೇ ಪದೇ ಸೋಂಕಾಗುತ್ತಿದ್ದ, ನೀರು ಕಡಿಮೆ ಕುಡಿಯುತ್ತಿದ್ದ 140 ಹೆಂಗಸರ ಮೇಲೆ ನಡೆಸಿದ ಒಂದು ಅಧ್ಯಯನ 2018ರಲ್ಲಿ ಪ್ರಕಟವಾಯಿತು. ದಿನಾಲು ಒಂದೂವರೆ ಲೀಟರ್ ನೀರು ಹೆಚ್ಚಿಗೆ ಕುಡಿದವರಿಗೆ ವರ್ಷದಲ್ಲಿ ಸೋಂಕು ಸುಮಾರು ಅರ್ಧದಷ್ಟು ಕಡಿಮೆಯಾಗಿತ್ತು. ಖರ್ಚಿಲ್ಲದ ಔಷಧಿ ಇದು. ಹೃದಯ, ಕಿಡ್ನಿ ರೋಗಕ್ಕೆ ನೀರಿನ ಮಿತಿ ಹೇಳಿಸಿಕೊಂಡವರು ಮಾತ್ರ ಆ ಮಿತಿಯನ್ನೇ ಪಾಲಿಸಿ.

ಮೂತ್ರ ತಡೆಹಿಡಿಯಬೇಡಿ. ಇದನ್ನು ಹೇಳುವುದು ಸುಲಭ, ಹೊಲದಲ್ಲಿ ಕಳೆ ತೆಗೆಯುವ ಹೆಣ್ಣುಮಗಳಿಗೆ ಮರೆ ಎಲ್ಲಿದೆ ಎಂದು ನನಗೂ ಗೊತ್ತು. ಮರೆ ಇಲ್ಲವೆಂದು ಅವಳು ಬೆಳಿಗ್ಗೆಯಿಂದ ನೀರನ್ನೇ ಕುಡಿಯುವುದಿಲ್ಲ. ಶಾಲೆಯ ಶೌಚಾಲಯ ಹೊಲಸಾಗಿದೆಯೆಂದು ಹುಡುಗಿಯರು ಸಂಜೆಯವರೆಗೆ ತಡೆದುಕೊಳ್ಳುತ್ತಾರೆ. ಗಂಡಸರೇ, ಮನೆಯ ಹೆಣ್ಣುಮಕ್ಕಳಿಗೆ ಶೌಚಾಲಯ ಕಟ್ಟಿಸುವುದು, ಶಾಲೆಯಲ್ಲಿ ಅದಕ್ಕೆ ನೀರಿದೆಯೇ ಎಂದು ಕೇಳುವುದು ನಿಮ್ಮ ಕಾಯಕ.

ಶೌಚದ ನಂತರ ಮುಂದಿನಿಂದ ಹಿಂದಕ್ಕೆ ತೊಳೆಯಿರಿ, ಹೆಣ್ಣುಮಕ್ಕಳಿಗೂ ಚಿಕ್ಕಂದಿನಿಂದಲೇ ಕಲಿಸಿ. ಗಂಡಹೆಂಡಿರ ಸಂಪರ್ಕದ ನಂತರ ಹೆಂಗಸರು ಮೂತ್ರ ಮಾಡಿ ಬರುವುದು ಒಳ್ಳೆಯದು. ಮುಟ್ಟಿನ ಬಟ್ಟೆಯನ್ನು ಬಿಸಿಲಿನಲ್ಲಿ ಒಣಗಿಸಿ. ಮಲಬದ್ಧತೆ ಇರದಂತೆ ಸೊಪ್ಪು, ಕಾಳು ತಿನ್ನಿ. ಸಕ್ಕರೆ ಕಾಯಿಲೆಯನ್ನು ಹತೋಟಿಯಲ್ಲಿಡಿ. ಮುಟ್ಟು ನಿಂತ ಮೇಲೆ ಪದೇ ಪದೇ ಸೋಂಕಾಗುವ ತಾಯಂದಿರಿಗೆ ಬೇರೆ ಚಿಕಿತ್ಸೆಯಿದೆ, ನಾಚದೆ ಕೇಳಿ.

ಕೊನೆಯ ಮಾತು

ಈ ಹಾಳೆಯನ್ನು ಮನೆಗೆ ಒಯ್ಯಿರಿ. ಓದಲು ಬಾರದವರಿಗೆ ಶಾಲೆಗೆ ಹೋಗುವ ಮಕ್ಕಳು ಓದಿ ಹೇಳಲಿ. ಮೂತ್ರದ ಚೀಟಿ ಕೈಗೆ ಬಂದಾಗ ಚಹಾದಂಗಡಿಗೂ ಬೇಡ, ಪೆಟ್ಟಿಗೆಗೂ ಬೇಡ, ನೇರ ಡಾಕ್ಟರ ಬಳಿಗೆ ತನ್ನಿ. ತರುವಾಗ ಮೂರು ಮಾತು ಹೇಳಿ: ಹೇಗೆ ಹಿಡಿದೆ, ಏನು ತೊಂದರೆ ಇದೆ, ಬಸಿರು, ಸಕ್ಕರೆ ಕಾಯಿಲೆ, ನುಂಗುತ್ತಿರುವ ಗುಳಿಗೆ ಏನೇನು. ಉಳಿದದ್ದು ನಮ್ಮ ಕಾಯಕ. ಇನ್ನು ಮುಂದೆ ಯಾವ ಸಿಸ್ಟರಾದರೂ ಬರೀ ಡಬ್ಬಿ ಕೈಗಿಟ್ಟು ಸುಮ್ಮನಾದರೆ, "ಹೆಂಗ ಹಿಡೀಬೇಕು ಹೇಳ್ರಿ ಸಿಸ್ಟರ್" ಎಂದು ಧೈರ್ಯವಾಗಿ ಕೇಳಿ. ಅದು ನಿಮ್ಮ ಹಕ್ಕು.

ದಾಸೋಹದ ಹೊತ್ತಾಯಿತು. ಎಲ್ಲರೂ ಪ್ರಸಾದ ತೆಗೆದುಕೊಂಡು, ಹೊಟ್ಟೆತುಂಬ ನೀರು ಕುಡಿದು ಹೋಗಿರಿ.